ಮಲ್ಲಿಕಾ ಮತ್ತೆ ಬಸ್ಸು ಹತ್ತಿದ್ದು ಯಾಕೆ?

ಶಿಗ್ಗಾವಿಯ ಸುಶೀಲವ್ವನಿಗೆ ಕೆಲವು ದಿನಗಳಿಂದ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ತಲೆಯಲ್ಲಿ ಸಂಶಯ ಹೊಕ್ಕಿತ್ತು. ಅದೂ ಯಾರದೋ ಮೇಲಲ್ಲ, ಮನೆಯ ಸೊಸೆಯ ಮೇಲೆ.

ಸೊಸೆ ಮಲ್ಲಿಕಾ ಹುಬ್ಬಳ್ಳಿಯ ಒಂದು ವಿಮಾ ಆಫೀಸಿನಲ್ಲಿ ನೌಕರಿ ಮಾಡುತ್ತಾಳೆ. ಗಿರಾಕಿಗಳ ಫೋನಿಗೆ ಉತ್ತರ ಕೊಡುವುದು, ಅವರ ಅರ್ಜಿಗಳನ್ನು ಕಂಪ್ಯೂಟರಿಗೆ ಹಾಕುವುದು ಅವಳ ಕೆಲಸ. ಮೊದಲು ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದಳು. ಆಮೇಲೆ ಆಫೀಸಿನವರು ಲ್ಯಾಪ್‌ಟಾಪ್ ಕೊಟ್ಟು, ಬೇಕಾದವರು ಮನೆಯಿಂದಲೇ ಕೆಲಸ ಮಾಡಿ ಅಂದರು. ಸುಶೀಲವ್ವ ಹಿರಿಹಿರಿ ಹಿಗ್ಗಿದಳು. ಪಗಾರ ಬರುವುದು ತಪ್ಪಲಿಲ್ಲ, ಸೊಸೆ ಕಣ್ಣೆದುರಿಗೇ ಇರುತ್ತಾಳೆ. ಇನ್ನೇನು ಬೇಕು?

ಮಳೆಗಾಲ ಮುಗಿಯುವ ತನಕ ಹಾಗೇ ನಡೆಯಿತು. ಒಂದು ಬೆಳಿಗ್ಗೆ ಮಲ್ಲಿಕಾ ರೊಟ್ಟಿ ಬಡಿಯುತ್ತಲೇ ಹೇಳಿದಳು:

"ಅತ್ತೀ, ಸೋಮವಾರದಿಂದ ನಾ ಮತ್ತ ಆಫೀಸಿಗೇ ಹೋಗ್ತೇನ್ರಿ."

"ಯಾಕವಾ? ಅವ್ರೇನರ ಬಾ ಅಂದ್ರೇನು?"

"ಇಲ್ರಿ. ನಾನ ಕೇಳ್ಕೊಂಡೇನಿ."

ತಾನೇ ಕೇಳಿಕೊಂಡಳಂತೆ! ಈ ಮಾತು ಸುಶೀಲವ್ವನ ತಲೆಯನ್ನು ಹುಳದ ಹಾಗೆ ಕೊರೆಯತೊಡಗಿತು. ಫ್ಯಾನಿನ ಕೆಳಗೆ ಕುಳಿತು ಮಾಡುವ ಕೆಲಸ ಬಿಟ್ಟು, ಹುಬ್ಬಳ್ಳಿ ಬಸ್ಸಿನಲ್ಲಿ ನೂಕಿಸಿಕೊಂಡು ಹೋಗುತ್ತೇನೆ ಅನ್ನುವವರು ಯಾರಾದರೂ ಇದ್ದಾರೆಯೇ? ಆಫೀಸಿನಲ್ಲಿ ಅಂಥದ್ದೇನಿದೆ? ಯಾರಿದ್ದಾರೆ?

ಎದುರು ಮನೆಯ ವೀರವ್ವ ಕಡ್ಡಿಯನ್ನು ಗುಡ್ಡ ಮಾಡುವುದರಲ್ಲಿ ಎತ್ತಿದ ಕೈ. ಮಲ್ಲಿಕಾ ಆಫೀಸಿಗೆ ಹೋಗತೊಡಗಿ ಕೆಲವು ದಿನವಾದ ಮೇಲೆ ವೀರವ್ವ ದನಿ ತಗ್ಗಿಸಿ ಹೇಳಿದಳು:

"ಸುಶೀಲಕ್ಕ, ನಾ ಹೇಳಿದ್ನಿ ಅಂತ ಯಾರ ಮುಂದೂ ಅನಬ್ಯಾಡ. ಮುಂಜಾನೆ ಹೋಗೂವಾಗ ನಿನ್ನ ಸೊಸಿ ಮಾರಿ ಬಾಡಿರತೈತಿ. ಸಂಜಿಕ ಬರೂವಾಗ ನೋಡೀಯೇನು? ಅರಳಿರತೈತಿ. ಬಸ್ಸಿನ್ಯಾಗ ಹೋಗಿ ಬಂದೋರ ಮಾರಿ ಎಲ್ಲೆರ ಅರಳತೈತೇನು?"

ಸುಶೀಲವ್ವ ಅಂದಿನಿಂದ ಸೊಸೆಯ ಮುಖವನ್ನೇ ಕಾಯತೊಡಗಿದಳು. ವೀರವ್ವ ಹೇಳಿದ್ದು ಖರೆ. ಸಂಜೆ ಮಲ್ಲಿಕಾ ಚುರುಕಾಗಿ ಬರುತ್ತಿದ್ದಳು, ಪಾತ್ರೆ ತಿಕ್ಕುತ್ತ ಹಾಡನ್ನೂ ಗುನುಗುತ್ತಿದ್ದಳು. ರವಿವಾರ ಮನೆಯಲ್ಲೇ ಇದ್ದರೆ ಮತ್ತೆ ಮಂಕು.

ಮಗ ಸುಭಾಸನದು ಪೇಟೆಯಲ್ಲಿ ಮೋಟರು ರಿಪೇರಿ ಅಂಗಡಿ. ಅವನ ಕಿವಿಗೂ ಇದನ್ನು ಹಾಕಿದಳು. ಅವನ ಮುಖ ಕೆಂಪಾಯಿತು.

"ಈ ತಿಂಗಳ ಮುಗೀಲಿ ಅವ್ವಾ. ನೌಕರಿನ ಬಿಡಿಸಿಬಿಡ್ತೇನಿ."

ಈಗ ಸುಶೀಲವ್ವ ಗಾಬರಿಯಾದಳು. ಓದಿದ ಹುಡುಗಿ, ಕಷ್ಟಪಟ್ಟು ಗಳಿಸಿದ ನೌಕರಿ. ತನ್ನ ಒಂದು ಮಾತಿನಿಂದ ಹೋಗಿಬಿಟ್ಟರೆ? ಹೌದೋ ಅಲ್ಲವೋ, ಕಣ್ಣಾರೆ ನೋಡಿಯೇ ಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದಳು.

ಮರುದಿನ ಹಂಸಭಾವಿಯ ತಂಗಿಯ ಮನೆಗೆ ಹೋಗುತ್ತೇನೆಂದು ಸೊಸೆಗೆ ಸುಳ್ಳು ಹೇಳಿ, ಮಗನಿಗಷ್ಟೇ ನಿಜ ತಿಳಿಸಿ, ಸೊಸೆಗಿಂತ ಮೊದಲೇ ಹೊರಬಿದ್ದಳು. ಸೆರಗನ್ನು ಮೂಗಿನ ತನಕ ಎಳೆದುಕೊಂಡು ಬಸ್ ನಿಲ್ದಾಣದ ಕಂಬದ ಮರೆಯಲ್ಲಿ ನಿಂತಳು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ಹಾಗಾಗಿ ಪತ್ತೇದಾರಿಕೆಗೂ ಖರ್ಚಿರಲಿಲ್ಲ.

ಹುಬ್ಬಳ್ಳಿ ಬಸ್ಸು ಬಂತು. ಮಲ್ಲಿಕಾ ಹತ್ತಿದ್ದೇ ತಡ, ಒಳಗಿನಿಂದ ಯಾರೋ ಕೂಗಿದರು:

"ಮಲ್ಲಿಕಾ, ಇಲ್ಲೆ ಬಾ! ಸೀಟ್ ಹಿಡದೇನಿ."

ಸಿಕ್ಕಿಬಿದ್ದಳು! ಸುಶೀಲವ್ವ ತಾನೂ ಬಸ್ಸು ಹತ್ತಿ, ಜನರ ನಡುವೆ ನುಗ್ಗಿ ಇಣುಕಿದಳು. ಸೀಟು ಹಿಡಿದಿದ್ದು ಬುರ್ಖಾ ಹಾಕಿದ ಒಬ್ಬ ಹುಡುಗಿ. ಇರಲಿ, ಮುಂದೆ ಯಾರಾದರೂ ಹತ್ತಬಹುದು ಎಂದುಕೊಂಡು ಸುಶೀಲವ್ವ ಅವರ ಹಿಂದಿನ ಸೀಟಿನಲ್ಲೇ ಕುಳಿತಳು.

ಮಲ್ಲಿಕಾ ಕಿಟಕಿಯ ಬದಿ ಕುಳಿತು ಡಬ್ಬಿ ತೆರೆದಳು. ರೊಟ್ಟಿಯನ್ನು ಶೇಂಗಾ ಚಟ್ನಿಗೆ ಹಚ್ಚಿಕೊಂಡು ನಿಧಾನವಾಗಿ ತಿಂದಳು. ಈ ಹುಡುಗಿ ಮನೆಯಲ್ಲಿ ಬೆಳಿಗ್ಗೆ ಕುಳಿತು ತಿಂದದ್ದನ್ನು ತಾನು ಎಂದಾದರೂ ನೋಡಿದ್ದೇನೆಯೇ ಎಂದು ಸುಶೀಲವ್ವ ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

ಡಬ್ಬಿ ಮುಚ್ಚಿದವಳೇ ಮಲ್ಲಿಕಾ ಗೆಳತಿಯ ಹೆಗಲಿಗೆ ತಲೆಯಿಟ್ಟು ಮಲಗಿಬಿಟ್ಟಳು. ಎಂಥ ನಿದ್ದೆ ಅಂತೀರಿ! ಬಾಯಿ ತೆರೆದಿತ್ತು. ದಾರಿಯ ತಡಸ ಊರಿನಲ್ಲಿ ಮಂದಿ ಗದ್ದಲ ಮಾಡುತ್ತ ಹತ್ತಿದರು, ಕಂಡಕ್ಟರ್ ಕೂಗಾಡಿದ, ಒಂದು ಕೂಸು ಚಿಟ್ಟನೆ ಚೀರಿತು. ಅವಳಿಗೆ ಎಚ್ಚರವಿಲ್ಲ. ಸುಶೀಲವ್ವನಿಗೆ ತಡೆಯಲಾಗಲಿಲ್ಲ, ಮುಂದಕ್ಕೆ ಬಾಗಿ ಕೇಳಿದಳು:

"ಯಾಕವಾ, ನಿನ್ನ ಗೆಳತಿಗೆ ಆರಾಮ ಇಲ್ಲೇನು?"

ಆ ಹುಡುಗಿ ಬಂಕಾಪುರದ ಗುಲ್ನಾಜ, ಮಲ್ಲಿಕಾಳ ಆಫೀಸಿನವಳೇ. ಕೇಳುತ್ತಿರುವವರು ಯಾರೆಂದು ಅವಳಿಗೇನು ಗೊತ್ತು?

"ಆರಾಮ ಅದಾಳ್ರಿ ಅಮ್ಮಾರ. ಬಸ್ ಹತ್ತಿದಾಗೊಮ್ಮೆ ಹಿಂಗ ಮಲಗ್ತಾಳ. ಮನಿಯಾಗ ನಿದ್ದಿ ಎಲ್ಲೈತ್ರಿ ಅಕಿಗೆ?"

"ಹಂಗಿದ್ರ ಮನಿಯಾಗ ಕುಂತು ಕೆಲಸ ಮಾಡಬೇಕಪ್ಪ. ಮಾಡಬೋದಂತಲ್ಲ?"

"ಮಾಡಿದ್ಲಲ್ರಿ! ಮನಿಯಾಗ ಅದಾಳ ಅಂದ್ರ ಖಾಲಿ ಅದಾಳ ಅಂತ ತಿಳ್ಕೊಂಡ್ರ ಏನ್ ಮಾಡ್ಬೇಕ್ರಿ? ಫೋನಿನ್ಯಾಗ ಗಿರಾಕಿ ಇರ್ತಾನ, ಇತ್ತಾಗ ಚಾ ಮಾಡು ಅಂತಾರ. ಹಾಲ ಉಕ್ಕತೈತಿ ನೋಡು ಅಂತಾರ. ಎದುರಮನಿಯಾಕಿ ಬಂದು ಮೊಬೈಲ್ ರಿಚಾರ್ಜ್ ಮಾಡಿಕೊಡು ಅಂತಾಳಂತ. ಹಗಲಿನ್ಯಾಗ ಉಳಿದ ಕೆಲಸಾನ ಮಂದಿ ಮಲಗಿದ ಮ್ಯಾಲ ಮಾಡ್ತಿದ್ಲು. ಒಮ್ಮೆ ಗಿರಾಕಿ ಸಿಟ್ಟಾಗಿ ದೂರು ಕೊಟ್ಟ. ಇನ್ನೊಮ್ಮೆ ಹಿಂಗಾದ್ರ ನೌಕರಿ ಇಲ್ಲ ಅಂದ್ರು ಸಾಹೇಬ್ರು. ಅವತ್ತ ಹೇಳಿದ್ಲ್ರಿ, ಆಫೀಸಿಗೇ ಬರ್ತೇನಿ ಅಂತ."

ಚಹಾ ಕೇಳಿದ್ದು, ಹಾಲು ನೋಡೆಂದದ್ದು ಎಲ್ಲ ತಾನೇ. ವೀರವ್ವನನ್ನು ಒಳಗೆ ಕರೆದು ಕೂರಿಸಿದವಳೂ ತಾನೇ. ಸುಶೀಲವ್ವ ಮತ್ತೆ ಕೇಳಿದಳು:

"ನೀನೂ ದಿನಾ ಬರ್ತೀಯೇನವಾ?"

"ಇಲ್ರಿ, ವಾರದಾಗ ಎರಡ ದಿನ ಅಷ್ಟ. ಉಳಿದಿದ್ದು ಮನಿಯಾಗ. ನನ್ನ ಕ್ವಾಣಿ ಬಾಗಲಾ ಮುಚ್ಚಿತ್ತಂದ್ರ ನಮ್ಮ ಅಮ್ಮಿ ಯಾರನ್ನೂ ಒಳಗ ಬಿಡೂದಿಲ್ಲ. ಮಧ್ಯಾಹ್ನದ ಅಡಿಗಿ ಅಮ್ಮಿ, ಅಣ್ಣ ಕೂಡಿ ನೋಡ್ಕೋತಾರ. ಮನಿಯಾಗ ಕೆಲಸ ಮಾಡೂದು ಚಲೋನ ಐತ್ರಿ. ಹೊತ್ತು ಉಳಿತೈತಿ, ಸೊಂಟಾನೂ ಉಳಿತೈತಿ. ಆದ್ರ ಮನಿ ಮಂದಿ ಮೊದಲ ಅದನ್ನ ಕೆಲಸ ಅಂತ ಒಪ್ಪಬೇಕ್ರಿ."

ಹುಬ್ಬಳ್ಳಿ ಬಂದಾಗ ಗುಲ್ನಾಜ ಗೆಳತಿಯನ್ನು ಎಬ್ಬಿಸಿದಳು. ಮಲ್ಲಿಕಾ ಕಣ್ಣುಜ್ಜಿಕೊಂಡು ತಿರುಗಿದರೆ ಎದುರಿಗೆ ಅತ್ತೆ!

"ಅತ್ತೀ? ಹಂಸಭಾವಿಗೆ ಹೋಗೂ ಬಸ್ ಈ ಕಡೆ ಬರೂದಿಲ್ಲಲ್ರಿ." ಅವಳ ದನಿ ಗಡುಸಾಯಿತು. "ನನ್ನ ಹಿಂದ ಬಂದೀರೇನು?"

"ಹೌದವಾ. ಯಾರರ ಅದಾರೇನೋ ಅಂತ ನೋಡಾಕ ಬಂದ್ನಿ."

ಮಲ್ಲಿಕಾಳ ಕಣ್ಣಲ್ಲಿ ನೀರು ಬಂತು. ಅದು ದುಃಖದ್ದಲ್ಲ, ಸಿಟ್ಟಿನದು. "ಯಾರರ ಸಿಕ್ರೇನ್ರಿ?"

"ಸಿಕ್ರವಾ. ನಾನ ಸಿಕ್ನಿ."

ಅಂದು ಸಂಜೆ ಸುಭಾಸ ಬಾಗಿಲಲ್ಲೇ ಕಾಯುತ್ತಿದ್ದ. "ಯಾರವ್ವಾ ಅಂವ?"

"ಅಂವನೂ ಇಲ್ಲ, ಇಂವನೂ ಇಲ್ಲ. ಅಕಿ ನಿದ್ದಿ ಮಾಡಾಕ ಹೋಗಾಕತ್ತಾಳ."

"ನಿದ್ದಿನ? ಮನಿಯಾಗ ಮಲಗಾಕ ಯಾರ ಬ್ಯಾಡ ಅಂದಾರ?"

"ಯಾವಾಗ ಮಲಗಬೇಕು, ನೀನ ಹೇಳು."

ನೌಕರಿ ಬಿಡಿಸುವ ಮಾತು ಮತ್ತೆ ಸುಭಾಸನ ಬಾಯಿಂದ ಬರಲಿಲ್ಲ. ಮೂವರೂ ಕುಳಿತು ಮಾತಾಡಿದರು. ಕೆಲಸದ ಹೊತ್ತಿನಲ್ಲಿ ಮಲ್ಲಿಕಾಳ ಕೋಣೆಯ ಬಾಗಿಲು ತಟ್ಟುವಂತಿಲ್ಲ. ಬೆಳಗಿನ ರೊಟ್ಟಿ ಅತ್ತೆಯದು, ಮಧ್ಯಾಹ್ನದ ಅನ್ನ-ಸಾರು ಸುಭಾಸನದು. ಅವನ ಮೊದಲ ದಿನದ ಸಾರು ಕುಡಿಯಲು ಚೆನ್ನಾಗಿತ್ತು, ಉಣ್ಣಲು ಅಲ್ಲ. ಆದರೂ ಬಿಡದೆ ಕಲಿತ. ಮಲ್ಲಿಕಾ ಮತ್ತೆ ಮನೆಯಿಂದ ಕೆಲಸ ಶುರುಮಾಡಿದಳು, ಆದರೆ ಎಲ್ಲ ಸರಿಹೋದರೂ ವಾರಕ್ಕೆರಡು ದಿನ ಆಫೀಸಿಗೆ ಹೋಗುವುದನ್ನು ಬಿಡಲಿಲ್ಲ. ಅಲ್ಲಿ ಹೊಸದನ್ನು ಕಲಿಯುತ್ತೇನೆ, ನಾಲ್ಕು ಜನ ಸಿಗುತ್ತಾರೆ ಅಂದಳು. ಯಾಕೆ ಏನು ಎಂದು ಯಾರೂ ಕೆದಕಲಿಲ್ಲ.

ಒಂದು ಮಧ್ಯಾಹ್ನ ವೀರವ್ವ ಮೊಬೈಲ್ ಹಿಡಿದುಕೊಂಡು ಬಂದಳು. "ಸುಶೀಲಕ್ಕ, ಮಲ್ಲಿಕಾ ಮನಿಯಾಗ ಅದಾಳೇನು?"

ಸುಶೀಲವ್ವ ಒಳಗೆ ಸೊಸೆಯ ಕೋಣೆಯ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ, ಹೊಸ್ತಿಲಿಗೆ ಅಡ್ಡವಾಗಿ ಕುಳಿತಳು.

"ಆಫೀಸಿನ್ಯಾಗ ಅದಾಳ. ಸಂಜಿಕ ಬಾ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬಳು ಲ್ಯಾಪ್‌ಟಾಪಿನ ಮುಂದೆಯೋ ಹೊಲಿಗೆ ಯಂತ್ರದ ಮುಂದೆಯೋ ಕುಳಿತು ದುಡಿಯುತ್ತಿರಬಹುದು. ನಿನ್ನ ಕೆಲಸದ ಹೊತ್ತು ಯಾವುದು ಎಂದು ಅವಳನ್ನು ಇವತ್ತೇ ಕೇಳಿ. ಆ ಹೊತ್ತಿನಲ್ಲಿ ಒಲೆಯ ಮುಂದೆ ಯಾರು ನಿಲ್ಲಬೇಕೆಂದು ಗಂಡಸರೂ ಕೂಡಿ ಮಾತಾಡಿಕೊಳ್ಳಿ. ಮನೆಯಿಂದ ದುಡಿಯಬೇಕೋ, ಬಸ್ಸು ಹತ್ತಬೇಕೋ ಎಂಬುದನ್ನು ಅವಳಿಗೇ ಬಿಡಿ. ಅವಳಿಗೆ ಮನೆಗಿಂತ ಬಸ್ಸೇ ಹಿತವಾಗಿದ್ದರೆ, ಸಂಶಯ ಪಡಬೇಕಾದದ್ದು ಅವಳ ಮೇಲಲ್ಲ, ನಮ್ಮ ಮನೆಯ ಮೇಲೆ.