ರಕ್ತದಲ್ಲಿ ಇಳಿಯದ ಗುಳಿಗೆ

“ಗುಳಿಗಿ ಅರ್ಧಾ ಮಾಡ್ರಿ ಅಂದಿದ್ನಲ್ಲ? ರಕ್ತದಾಗ ಔಷಧ ಮೊದಲಿನಷ್ಟ ಐತಿ. ಯಾರ್ರೀ ಕೊಡಾಕತ್ತಾರ?”

ವಿಜಯಪುರದ ಡಾಕ್ಟರ್ ಹೀಗೆ ಕೇಳಿದಾಗ ಗೌತಮಣ್ಣ ಹೆಂಡತಿಯ ಕಡೆ ನೋಡಿದ. ವಿಶಾಖಾ ವೈನಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಅಣ್ಣನಿಗೆ ಹಾಕಿದ್ದು ಅವ್ವನ ಕಿಡ್ನಿ. ಅವನ ಮೈ ಅದನ್ನು ಒಲ್ಲೆನ್ನಬಾರದೆಂದು, ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಗುಳಿಗೆ ಕೊಡುತ್ತಿದ್ದರು. ಆ ಶಕ್ತಿ ತಗ್ಗಿದ್ದೇ, ಬಹಳ ಜನರ ಮೈಯಲ್ಲಿ ಸುಮ್ಮನಿರುವ ಒಂದು ವೈರಸ್ ಅವನಲ್ಲಿ ಎದ್ದು ಕುತ್ತಿಗೆಗೆ ಗಡ್ಡೆ ಕಟ್ಟಿಸಿತ್ತು. ಲಿಂಫೋಮಾ, ಒಂದು ಬಗೆಯ ಕ್ಯಾನ್ಸರ್ ಅಂತೆ. ಗುಳಿಗೆ ಕಡಿಮೆಯಾದರೆ ಮೈಯೇ ಅದನ್ನು ಕರಗಿಸಬಹುದು ಎಂದಿದ್ದರು. ಕರಗಿರಲಿಲ್ಲ, ಬೆಳೆದಿತ್ತು.

ಊರಿಗೆ ಮರಳುವ ತಿಕೋಟಾದ ಬಸ್ಸಿನಲ್ಲಿ ವೈನಿ ನನ್ನ ಕಿವಿಯಲ್ಲಿ, “ನಾ ಅಂಗನವಾಡಿಗೆ ಹೋದಮ್ಯಾಲ ಮನ್ಯಾಗ ಇರಾಕಿ ನೀನ ಅಲ್ಲೇನ?” ಅಂದಳು. ನನಗೆ ಅವಳ ಮೇಲೇ ಅನುಮಾನ. ಗುಳಿಗೆ ಅರ್ಧವಾದಾಗಿನಿಂದ ಡಬ್ಬಿಯನ್ನು ಅವಳು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಮನೆಯಲ್ಲಿ ಅವ್ವ ಕಾದಿದ್ದಳು. “ಇಷ್ಟ ವರ್ಷ ಒಂದೂ ಗುಳಿಗಿ ತಪ್ಪಿಸಬ್ಯಾಡ್ರಿ ಅಂದ್ರು. ಈಗ ನಿನ್ನ ಹೇಂತಿ ಕಡಿಮಿ ಮಾಡ್ಯಾಳ. ಗಡ್ಡಿ ಬೆಳೀದ ಏನಾದೀತು?”

“ನಾ ಅಲ್ರಿ ಅತ್ತಿ, ಡಾಕ್ಟ್ರು.”

“ಹೂಂನವಾ, ನೀನೂ ಒಂದ ದವಾಖಾನಿ ತಗಿ.”

ಮರುದಿನ ರವಿವಾರ. ನಾನು ವೈನಿಯ ಬೆನ್ನು ಬಿಡಲಿಲ್ಲ. ಬೆಳಿಗ್ಗೆ ಅವಳು ಎರಡರ ಬದಲು ಒಂದೇ ಗುಳಿಗೆ ಕೊಟ್ಟು, ನುಂಗಿದನೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡಿದಳು. “ಅಂಗನವಾಡಿ ಕೂಸ ಮಾಡ್ಯಾಳ ನೋಡ ನನ್ನ,” ಎಂದು ಅಣ್ಣ ನಕ್ಕ.

ಮಧ್ಯಾಹ್ನ ಅವನು ಊಟಕ್ಕೆ ಕುಳಿತಾಗ ನಾನು ರೊಟ್ಟಿ ತರಲು ಒಳಗೆ ಹೋದೆ. ಅವ್ವ ಎಲೆಅಡಿಕೆಯ ಸಂಚಿಯಿಂದ ಒಂದು ಕ್ಯಾಪ್ಸೂಲ್ ತೆಗೆದು, ಬಿಚ್ಚಿ, ಅದರ ಪುಡಿಯನ್ನು ಅಣ್ಣನ ಮೊಸರಿಗೆ ಉದುರಿಸುತ್ತಿದ್ದಳು. ಅರ್ಧ ಮಾಡುವ ಮೊದಲು ಉಳಿದಿದ್ದ ಗುಳಿಗೆಗಳನ್ನು ಆಗಲೇ ತೆಗೆದಿಟ್ಟುಕೊಂಡಿದ್ದಳು.

“ಯವ್ವಾ!”

“ಸುಮ್ನಿರ ಬೇ. ಅವನ ಹೊಟ್ಟ್ಯಾಗ ಇರೂದು ನನ್ನ ಕಿಡ್ನಿ. ಅದು ಕೆಟ್ರ ಕೊಡಾಕ ಇನ್ನೊಂದ ಎಲ್ಲೈತಿ?”

ಬಟ್ಟಲು ಎತ್ತಿಕೊಂಡು ಹೊರಗೆ ನಡೆದಳು. ಮನೆಯವರ ಮುಂದೆಯೂ ನಾನು ಎಂದೂ ದನಿ ಎತ್ತಿದವಳಲ್ಲ; ಈಗ ಕೂಗಿದೆ.

“ಅಣ್ಣಾ, ಮೊಸರ ಉಣ್ಣಬ್ಯಾಡ! ಅದರಾಗ ಗುಳಿಗಿ ಐತಿ!”

ಅಣ್ಣನ ಕೈ ತಾಟಿನಲ್ಲೇ ನಿಂತಿತು. ಅವ್ವನ ಕೈಯ ಬಟ್ಟಲು ತೆಗೆದು ಅತ್ತ ಇಟ್ಟು, “ಕಿಡ್ನಿ ಕೆಟ್ರ ಆಮ್ಯಾಗ ನೋಡೂಣು ಯವ್ವಾ. ಮೊದಲ ನಾ ಉಳೀಬೇಕಲ್ಲ,” ಅಂದ.

ಅವ್ವ ಸಂಚಿಯನ್ನು ವೈನಿಯ ಮುಂದೆ ಒಗೆದಳು.

“ಇಷ್ಟ ಏನ್ರಿ ಅತ್ತಿ, ಮತ್ತ ಎಲ್ಲೆರ ಇಟ್ಟೀರಿ?”

“ಹುಡುಕ್ಕೋ ಹೋಗ.”

ವೈನಿ ಎದ್ದು ಅವ್ವನ ಟ್ರಂಕು ತೆರೆದಳು. ನಾನು ಅವ್ವನ ಹಾಸಿಗೆ ಕೊಡವತೊಡಗಿದೆ.