ನಿದ್ದೆಯ ಪಿರಿಯಡ್ಡಿನಲ್ಲಿ ಎದ್ದವರು

ಸೋಮವಾರ ಬೆಳಿಗ್ಗೆ ನಾವೆಲ್ಲ ಮೈದಾನದಲ್ಲಿ ಸಾಲಾಗಿ ನಿಂತು ಬಾವುಟಕ್ಕೆ ವಂದಿಸುತ್ತಿದ್ದಾಗ, ನಮ್ಮ ತರಗತಿಯ ಕಿಟಕಿಕಟ್ಟೆಯ ಮೇಲಿದ್ದ ರೇಷ್ಮೆಹುಳುಗಳನ್ನು ಕಪ್ಪು ಕಸದ ಚೀಲಗಳಿಗೆ ಸುರಿದು, ಬಾಯಿ ಕಟ್ಟಿ, ಹಿಂದಿನ ಗೇಟಿನ ತೊಟ್ಟಿಗೆ ಎಸೆದರು. ಹುಳುಗಳು ಬದುಕಿದ್ದವು.

ನಾವು ಒಳಗೆ ಬಂದಾಗ ಕಟ್ಟೆ ಒದ್ದೆಯಾಗಿತ್ತು. ಬ್ಲೀಚಿನ ವಾಸನೆ ಮೂಗಿಗೆ ಹೊಡೆಯಿತು. ನಮ್ಮ ಚಪ್ಪಲಿ ಡಬ್ಬಗಳನ್ನು, ಬಿಸ್ಕತ್ತಿನ ಡಬ್ಬಗಳನ್ನು ಚಪ್ಪಟೆ ಮಾಡಿ ಮೂಲೆಯಲ್ಲಿ ಜೋಡಿಸಿದ್ದರು. ಡಬ್ಬಗಳ ಮೇಲೆ ನಮ್ಮ ಹೆಸರುಗಳು ಹಾಗೇ ಇದ್ದವು.

"ಏನು, ಯಾರಾದ್ರೂ ಸತ್ತು ಹೋದ್ರಾ? ಮುಖ ಯಾಕೆ ಹಾಗೆ ಇಟ್ಕೊಂಡಿದ್ದೀರಿ?" ಎಂದರು ಪಾಂಗ್ ಟೀಚರ್. ನಮ್ಮ ತರಗತಿಯ ಜವಾಬ್ದಾರಿ ಅವರದು. "ಬುಧವಾರ ತಪಾಸಣೆಗೆ ಬರ್ತಾರೆ. ಕಿಟಕೀಲಿ ಹುಳ, ಹಿಕ್ಕೆ, ಕೊಳೆತ ಎಲೆ ಕಂಡ್ರೆ ಅಂಕ ಕಟ್. ಸ್ವಚ್ಛತೆಯ ಕೆಂಪು ಪತಾಕೆ ಇಷ್ಟು ದಿನ ನಮ್ಮ ಬಾಗಿಲಲ್ಲೇ ಇದೆ. ಅದು ಪಕ್ಕದ ಕ್ಲಾಸಿಗೆ ಹೋಗ್ಬೇಕಾ?"

"ಬೇಡಾ ಟೀಚರ್" ಎಂದೆವು. ಎಲ್ಲವನ್ನೂ ಹೇಳುವ ಹಾಗೆ, ಒಂದೇ ರಾಗದಲ್ಲಿ.

ಲುವೊ ಕಾಯ್ ಮಾತ್ರ ಎದ್ದು ನಿಂತ. ಅವನಿಗೆ ಬಾಯಿ ಮುಚ್ಚಿಕೊಂಡಿರಲು ಬರುತ್ತಿರಲಿಲ್ಲ. "ಟೀಚರ್, ಹಾಗಾದ್ರೆ ವಿಜ್ಞಾನದ ಹೋಮ್‌ವರ್ಕು?"

"ಪುಸ್ತಕದಲ್ಲಿ ಚಿತ್ರ ಇದೆಯಲ್ಲ, ಅದನ್ನ ನೋಡಿ ಬರ್ಕೊಳ್ಳಿ. ಉತ್ತರ ಅದೇ."

ಹುಳು ಸಾಕಿ ಎಂದು ಹೇಳಿದ್ದೂ ಅದೇ ಪುಸ್ತಕ. ಮೂರನೇ ತರಗತಿಯ ಮಕ್ಕಳು ಪ್ರತಿ ವಸಂತದಲ್ಲೂ ಸಾಕುತ್ತಾರೆ. ವಿಜ್ಞಾನದ ಮೇಷ್ಟ್ರು ಒಬ್ಬೊಬ್ಬರಿಗೂ ಒಂದು ಚೂರು ಕಾಗದ ಕೊಟ್ಟಿದ್ದರು. ಅದರ ಮೇಲೆ ಗಸಗಸೆ ಅಂಟಿಸಿದ ಹಾಗೆ ಮೊಟ್ಟೆಗಳು. ಇದರೊಳಗೆ ಜೀವವಿದೆ ಎಂದಾಗ ನಾವು ನಂಬಿರಲಿಲ್ಲ. ಆಮೇಲೆ ಒಂದು ದಿನ ಗಸಗಸೆಗೆ ಕಾಲು ಬಂತು, ಬಾಯಿ ಬಂತು, ಹಸಿವು ಬಂತು.

ಲುವೊಯಾಂಗ್‌ನಂಥ ಕಾರ್ಖಾನೆಗಳ ಊರಿನಲ್ಲಿ ಹಿಪ್ಪುನೇರಳೆ ಎಲ್ಲಿಂದ ತರುವುದು? ಹಳೇ ಕಾರ್ಖಾನೆಯ ವಸತಿಯ ಸೈಕಲ್ ಶೆಡ್ಡಿನ ಹಿಂದೆ ಒಂದೇ ಒಂದು ಮರವಿತ್ತು. ಶಾಲೆ ಬಿಟ್ಟ ಕೂಡಲೇ ಅರ್ಧ ತರಗತಿ ಅದರ ಕೆಳಗಿರುತ್ತಿತ್ತು. ಶೆಡ್ಡು ಕಾಯುವ ತಾತ ಕೋಲು ಹಿಡಿದು ಬರುತ್ತಿದ್ದ. "ಏ ಕೋತಿಗಳಾ, ಕೊಂಬೆ ಮುರಿದ್ರೆ ಕಾಲು ಮುರೀತೀನಿ!" ಬೈಯುತ್ತ ಬೈಯುತ್ತಲೇ ಅದೇ ಕೋಲಿನಿಂದ ಮೇಲಿನ ಕೊಂಬೆಯನ್ನು ನಮ್ಮ ಕೈಗೆಟಕುವಷ್ಟು ಬಗ್ಗಿಸಿ ಹಿಡಿಯುತ್ತಿದ್ದ. ಒದ್ದೆ ಎಲೆ ತಿಂದರೆ ಹುಳುವಿಗೆ ಹೊಟ್ಟೆ ಕೆಡುತ್ತದೆ. ಅದಕ್ಕೆ ಒಂದೊಂದೇ ಎಲೆಯನ್ನು ಕತ್ತಿನ ಕೆಂಪು ಸ್ಕಾರ್ಫಿನಲ್ಲಿ ಒರೆಸುತ್ತಿದ್ದೆವು. ಸ್ಕಾರ್ಫು ಎಂದರೆ ಬಾವುಟದ ಒಂದು ತುಂಡು ಎಂದು ಕಲಿಸಿದ್ದ ದೊಡ್ಡವರಿಗೆ ಅದು ಗೊತ್ತಾಗಿದ್ದರೆ ನಮ್ಮ ಗತಿ ಬೇರೆಯೇ ಆಗುತ್ತಿತ್ತು.

ಲುವೊ ಕಾಯ್‌ನ ಹುಳುಗಳು ಮೊದಲೇ ಸತ್ತಿದ್ದವು. ಸೊಳ್ಳೆ ಕಚ್ಚದಿರಲಿ ಎಂದು ಅವನ ಅಜ್ಜಿ ಮೈಗೆಲ್ಲ ಹೂವಿನ ಪರಿಮಳದ ಸೊಳ್ಳೆನೀರು ಸವರಿ ಕಳಿಸಿದ್ದಳು. ಅವನು ಅದೇ ಕೈಯಲ್ಲಿ ಎಲೆ ಹಾಕಿದ. ಸಂಜೆಯ ಹೊತ್ತಿಗೆ ಎಲ್ಲವೂ ಹಸಿರು ನೀರು ಕಾರಿ ಮಲಗಿದ್ದವು. ಅವನು ಅತ್ತಿದ್ದನ್ನು ನಾವು ನೋಡಿದ್ದು ಅದೇ ಮೊದಲು. ಅಂದಿನಿಂದ ನಮ್ಮ ತರಗತಿಯಲ್ಲಿ ಯಾರೂ ಸೊಳ್ಳೆನೀರು ಹಚ್ಚಿಕೊಳ್ಳಲಿಲ್ಲ. ಮನೆಯಲ್ಲಿ ಅಮ್ಮಂದಿರು ಹಚ್ಚಿದರೆ ಶಾಲೆಯ ನಲ್ಲಿಯಲ್ಲಿ ತೊಳೆದುಕೊಳ್ಳುತ್ತಿದ್ದೆವು. ಮೈ ಕೈಯೆಲ್ಲ ಕೆಂಪು ಗುಳ್ಳೆ. ಕೆರೆದುಕೊಳ್ಳುತ್ತ ಗುಣಾಕಾರ ಮಾಡುತ್ತಿದ್ದೆವು. ಯಾರೂ ಹೇಳಿ ಮಾಡಿಸಿದ್ದಲ್ಲ. ನಮಗೆ ನಾವೇ ಹಾಕಿಕೊಂಡಿದ್ದ ನಿಯಮ ಅದೊಂದೇ.

ಸೋಮವಾರ ಸಂಜೆ ಪಾಲಕರ ಫೋನ್ ಗುಂಪಿನಲ್ಲಿ ಪಾಂಗ್ ಟೀಚರ್ ಸಂದೇಶ ಹಾಕಿದರು. ಸ್ವಚ್ಛತೆಯ ದೃಷ್ಟಿಯಿಂದ ಹುಳುಗಳನ್ನು ತೆರವು ಮಾಡಲಾಗಿದೆ, ಇನ್ನು ಮುಂದೆ ಯಾವ ಮಗುವೂ ತರಕೂಡದು. ಒಂದಾದ ಮೇಲೊಂದು ಉತ್ತರ ಬಂದವು. ತಿಳಿಯಿತು, ಟೀಚರ್ ನಿಮಗೆ ಬಹಳ ಶ್ರಮ. ತಿಳಿಯಿತು, ಟೀಚರ್ ನಿಮಗೆ ಬಹಳ ಶ್ರಮ. ಪರದೆಯ ತುಂಬ ಅದೇ ಸಾಲು, ಮೇಲಿಂದ ಕೆಳಗೆ.

ಅಮ್ಮ ಒಂದು ಕೈಯಲ್ಲಿ ಸೊಪ್ಪು ಬಾಡಿಸುತ್ತ ಇನ್ನೊಂದು ಕೈಯಲ್ಲಿ ಫೋನ್ ಒತ್ತುತ್ತಿದ್ದಳು.

"ನೀನೂ ಹಾಕಿದ್ಯಾ?"

"ಎಲ್ರೂ ಹಾಕಿದ್ದಾರೆ ಪುಟ್ಟಿ. ನಾನೊಬ್ಳು ಹಾಕ್ದೆ ಇದ್ರೆ ಎದ್ದು ಕಾಣುತ್ತೆ."

"ನನ್ನ ಹುಳಕ್ಕೆ ಜೀವ ಇತ್ತಮ್ಮ."

"ಗೊತ್ತು. ಕೂತ್ಕೊಂಡು ಊಟ ಮಾಡು."

ಅಷ್ಟೇ. ಆ ಊರಿನಲ್ಲಿ ಅಂದು ಅಷ್ಟೊಂದು ಮನೆಗಳಲ್ಲಿ ಮಕ್ಕಳು ತಲೆ ತಗ್ಗಿಸಿ ಊಟ ಮಾಡಿದರು. ದೊಡ್ಡವರಲ್ಲಿ ಒಬ್ಬರಿಗೂ ಯಾಕೆ ಎಂದು ಕೇಳುವ ಎರಡಕ್ಷರ ಸಿಗಲಿಲ್ಲ.

ನಮ್ಮ ಎದುರು ಬಾಗಿಲಿನ ಮನೆ ಷಿ ಲಾನ್‌ಳದು. ಅವಳು ನಮ್ಮ ಕ್ಲಾಸ್ ಲೀಡರ್. ಬೆಂಚಿನಲ್ಲಿ ನನ್ನ ಪಕ್ಕದವಳು ಕೂಡ. ತೋಳಿನ ಬಿಲ್ಲೆಯ ಮೇಲೆ ಎರಡು ಕೆಂಪು ಪಟ್ಟಿ. ಜೂನ್ ಒಂದು, ಮಕ್ಕಳ ದಿನ, ಇಡೀ ಶಾಲೆಯ ಮುಂದೆ ಮೂರನೇ ಪಟ್ಟಿ, ಅಂದರೆ ಶಾಲೆಗೇ ಲೀಡರ್ ಎಂಬ ಗುರುತು, ಕೊಡುವುದಾಗಿ ಮಾತಾಗಿತ್ತು. ಅವಳಮ್ಮ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳಿ ಆಗಿತ್ತು, ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಆಗಿತ್ತು, ಹಳ್ಳಿಯಿಂದ ಅಜ್ಜ ಅಜ್ಜಿಯನ್ನು ಕರೆಸುವುದೂ ಗೊತ್ತಾಗಿತ್ತು. ಆ ಸಂಜೆ ಬಾಗಿಲು ತೆರೆದೇ ಇತ್ತು. ಷಿ ಲಾನ್ ಮೇಜಿಗೆ ಬೆನ್ನು ನೆಟ್ಟಗೆ ಮಾಡಿ ಕೂತು ಅಕ್ಷರ ತಿದ್ದುತ್ತಿದ್ದಳು.

"ನೋಡಿ ಕಲಿ" ಎಂದಳು ನನ್ನಮ್ಮ. "ಅವಳ ಹುಳಾನೂ ಹೋಯ್ತು. ಅವಳು ಅಳ್ತಿದ್ದಾಳಾ?"

ಮಂಗಳವಾರ ಬೆಳಿಗ್ಗೆ ಗೆಂಗ್ ಚಿಯು ಒಂದು ಡಬ್ಬ ತಂದಳು.

ಅವಳ ಅಪ್ಪ ಅಮ್ಮ ಮಾರುಕಟ್ಟೆಯ ಬಾಯಲ್ಲಿ ಹಬೆಯಲ್ಲಿ ಬೇಯಿಸಿದ ಮಂಟೊ ಎಂಬ ಬಿಳಿ ಬನ್ನು ಮಾರುತ್ತಿದ್ದರು. ಬೇರೆ ಜಿಲ್ಲೆಯಿಂದ ಬಂದವರು. ಅಂಗಡಿಯ ಹಿಂದಿನ ಒಂದು ಕೋಣೆಯೇ ಅವರ ಮನೆ. ಗೆಂಗ್ ಚಿಯುವಿನ ಕೂದಲಿನಲ್ಲಿ ಯಾವಾಗಲೂ ಹಿಟ್ಟಿನ ಧೂಳು. ನಾವು ಅವಳನ್ನು ಮಂಟೊ ಎಂದೇ ಕರೆಯುತ್ತಿದ್ದೆವು, ಕಸಬರಿಗೆ ಇಡುವ ಬೀರುವಿನ ಪಕ್ಕದ ಕೊನೆಯ ಬೆಂಚು ಅವಳಿಗೆ. ಹಬೆಪಾತ್ರೆಗಳ ಮೇಲಿನ ಹಲಗೆಯಲ್ಲಿ ಅವಳು ಮೊಟ್ಟೆಗಳನ್ನು ಇಟ್ಟಿದ್ದಳು. ಆ ಬಿಸಿಗೆ ಎಲ್ಲರಿಗಿಂತ ಮೊದಲು ಅವಳವು ಒಡೆದವು, ಎಲ್ಲರಿಗಿಂತ ಮೊದಲು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದವು. ಇನ್ನೇನು ಹಣ್ಣಾಗಿ ಗೂಡು ಕಟ್ಟುತ್ತವೆ ಎಂದು ಶುಕ್ರವಾರ ಮನೆಗೆ ಒಯ್ದಿದ್ದಳು. ಉಳಿದದ್ದು ಅವಳ ಡಬ್ಬ ಒಂದೇ.

"ಹುಚ್ಚಿ, ಯಾಕೆ ತಂದೆ?" ಎಂದ ಲುವೊ ಕಾಯ್, ಧ್ವನಿ ಇಳಿಸಿ. "ಸಿಕ್ಕಿ ಬಿದ್ರೆ ನಿಮ್ಮಪ್ಪನ್ನ ಕರೆಸ್ತಾರೆ ಕಣೇ."

"ಒಂದು ಹುಳ ನೂಲು ಬಿಡೋಕೆ ಶುರು ಮಾಡಿದೆ" ಎಂದಳು ಗೆಂಗ್ ಚಿಯು. "ನಿಮ್ಮದೆಲ್ಲ ಹೋಯ್ತಲ್ಲ. ನೀವು ನೋಡೋದು ಬೇಡ್ವಾ?"

ಅವಳು ಡಬ್ಬವನ್ನು ಬೆಂಚಿನ ಒಳಗೂಡಿಗೆ ತಳ್ಳಿ ಅದರ ಮೇಲೆ ಅಂಗಿ ಹೊದಿಸಿದಳು.

ಮೇ ತಿಂಗಳು ಬಂತೆಂದರೆ ಊಟದ ನಂತರ ನಿದ್ದೆಯ ಪಿರಿಯಡ್ಡು. ತಟ್ಟೆಗಳನ್ನು ತೊಳೆದಿಟ್ಟು, ಪರದೆ ಎಳೆದು, ಬೆಂಚಿನ ಮೇಲೆ ತೋಳು ಮಡಿಸಿ ತಲೆಯಿಟ್ಟು ಮಲಗಬೇಕು. ನಿದ್ದೆ ಬರದಿದ್ದರೂ ಮಲಗಬೇಕು. ಪಾಂಗ್ ಟೀಚರ್ ಸ್ಟಾಫ್ ರೂಮಿಗೆ ಹೋಗುತ್ತಿದ್ದರು. ಅವರ ಕುರ್ಚಿಯಲ್ಲಿ ಲೀಡರ್ ಕೂರುತ್ತಿದ್ದಳು. ತಲೆ ಎತ್ತಿದವರ ಹೆಸರು ಬೋರ್ಡಿನ ಮೇಲೆ. ಹೆಸರು ಬಂದವರು ಸಂಜೆ ತಪ್ಪೊಪ್ಪಿಗೆ ಬರೆದು, ಮುಂದಿನ ಸೋಮವಾರ ಎಲ್ಲರೆದುರು ಓದಬೇಕು. ಮಕ್ಕಳನ್ನು ಕಾಯಲು ಮಕ್ಕಳನ್ನೇ ಕೂರಿಸುವ ಈ ಬುದ್ಧಿ ಯಾರಿಗೆ ಹೊಳೆಯಿತೋ, ಅವರು ಒಂದು ದಿನವೂ ಆ ಬೆಂಚಿನ ಮೇಲೆ ಕೆನ್ನೆಯಿಟ್ಟು ಮಲಗಿದವರಲ್ಲ. ಷಿ ಲಾನ್ ಯಾರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ನಾನು ಸೀನಿದ್ದಕ್ಕೆ ನನ್ನ ಹೆಸರನ್ನೂ ಬರೆದಿದ್ದಳು.

ಆ ಮಂಗಳವಾರ ತರಗತಿ ಎಂದಿಗಿಂತ ಹೆಚ್ಚು ಮೌನವಾಗಿತ್ತು. ಆಗ ಆ ಸದ್ದು ಕೇಳಿತು.

ನಾವು ಉಕ್ತಲೇಖನ ಬರೆಯುವಾಗ ಪೆನ್ಸಿಲುಗಳೆಲ್ಲ ಒಟ್ಟಿಗೆ ಕಾಗದದ ಮೇಲೆ ಓಡುತ್ತವಲ್ಲ, ಅಂಥ ಸದ್ದು. ಆದರೆ ಎಲ್ಲ ಪೆನ್ಸಿಲುಗಳೂ ಡಬ್ಬಿಯಲ್ಲಿದ್ದವು. ಗೆಂಗ್ ಚಿಯುವಿನ ಡಬ್ಬದಲ್ಲಿ ಇನ್ನೂ ಹಣ್ಣಾಗದ ಹುಳುಗಳು ಎಲೆ ತಿನ್ನುತ್ತಿದ್ದವು. ಹಿಂದಿನ ವಾರದವರೆಗೆ ಆ ಸದ್ದು ಕಿಟಕಿಕಟ್ಟೆಯಿಂದ ದಿನವಿಡೀ ಬರುತ್ತಿತ್ತು. ಬರುತ್ತಿದ್ದಾಗ ನಮ್ಮ ಕಿವಿಗೆ ಬಿದ್ದಿರಲಿಲ್ಲ.

ಷಿ ಲಾನ್ ಕುರ್ಚಿಯಿಂದ ಎದ್ದಳು. ಕೈಯಲ್ಲಿ ಸೀಮೆಸುಣ್ಣ. ಸಾಲುಗಳ ನಡುವೆ ನಡೆದು ಕೊನೆಯ ಬೆಂಚಿನ ಪಕ್ಕ ನಿಂತಳು. ನಾನು ತೋಳಿನ ಸಂದಿಯಿಂದ ನೋಡುತ್ತಿದ್ದೆ.

"ತೆಗಿ" ಎಂದಳು ಪಿಸುಮಾತಿನಲ್ಲಿ.

ಗೆಂಗ್ ಚಿಯು ಅಲುಗಲಿಲ್ಲ.

"ಮಂಟೊ, ತೆಗಿ ಅಂದೆ. ಟೀಚರ್ ಬರೋಕ್ ಮುಂಚೆ ನಾನೇ ಎಸೆದ್ರೆ ನಿನ್ನ ಹೆಸರು ಬರಿಯಲ್ಲ."

ಗೆಂಗ್ ಚಿಯು ಡಬ್ಬವನ್ನು ಬೆಂಚಿನ ಮೇಲಿಟ್ಟಳು. ಮುಚ್ಚಳ ತೆಗೆದಳು. ಷಿ ಲಾನ್ ಬಗ್ಗಿದವಳು ಹಾಗೇ ನಿಂತಳು.

ಎಷ್ಟು ಹೊತ್ತಾದರೂ ಅವಳು ತಲೆ ಎತ್ತಲಿಲ್ಲ. ಮೊದಲು ಎದ್ದವನು ಲುವೊ ಕಾಯ್. ಆಮೇಲೆ ನಾನು. ಆಮೇಲೆ ಯಾರು ಯಾರೋ. ಬರಿಗಾಲಿನಲ್ಲಿ, ಬೆಂಚು ಕಿರುಗುಟ್ಟದ ಹಾಗೆ, ಒಬ್ಬರ ಭುಜದ ಮೇಲೆ ಒಬ್ಬರು ಗಲ್ಲವಿಟ್ಟು ಸುತ್ತಲೂ ನಿಂತೆವು.

ಡಬ್ಬದೊಳಗೆ ಇಟ್ಟಿದ್ದ ಕೋಳಿಮೊಟ್ಟೆಯ ರಟ್ಟಿನ ತಟ್ಟೆಯ ಒಂದು ಗುಳಿಯಲ್ಲಿ ಆ ಹುಳು ಇತ್ತು. ಹಿಂದಿನ ವಾರ ಸುಣ್ಣದ ಹಾಗೆ ಬೆಳ್ಳಗಿದ್ದ ಮೈ ಈಗ ದ್ರಾಕ್ಷಿಯ ಹಾಗೆ ತಿಳಿಯಾಗಿತ್ತು. ಪರದೆಯ ಸಂದಿಯಿಂದ ಬಂದ ಬಿಸಿಲಿನ ಒಂದು ಗೆರೆ ಅದರ ಮೇಲೆ ಬಿದ್ದಿತ್ತು. ಬಿಸಿಲು ಅದರೊಳಗೆ ಹೋಗಿ ಅಲ್ಲೇ ನಿಂತಿತ್ತು. ಗುಳಿಯ ಅಂಚಿನಿಂದ ಅಂಚಿಗೆ ಅದು ಆಗಲೇ ಎಳೆಗಳನ್ನು ಕಟ್ಟಿತ್ತು, ಆ ಎಳೆಗಳ ನಡುವೆ ತೂಗಿಕೊಂಡು ತಲೆ ಆಡಿಸುತ್ತಿತ್ತು. ಈ ಕಡೆ, ಆ ಕಡೆ. ಎಂಟರ ಅಂಕಿ ಬರೆಯುವ ಹಾಗೆ. ಒಂದು ಎಂಟು ಮುಗಿಯುವಲ್ಲಿ ಇನ್ನೊಂದು ಶುರು. ಬಾಯಿಯಿಂದ ಎಳೆ ಬರುತ್ತಿತ್ತು, ಆದರೆ ಎಳೆ ಕಾಣುತ್ತಿರಲಿಲ್ಲ. ಬಿಸಿಲು ತಾಗಿದಾಗ ಮಾತ್ರ ಕ್ಷಣ ಹೊಳೆದು ಮಾಯವಾಗುತ್ತಿತ್ತು. ಏನೂ ಇಲ್ಲದ ಕಡೆ ಸ್ವಲ್ಪ ಸ್ವಲ್ಪವೇ ಒಂದು ಗೋಡೆ ಬರುತ್ತಿತ್ತು. ಗೋಡೆಯ ಒಳಗೆ ಅದು, ಹೊರಗೆ ನಾವು.

ಅದಕ್ಕೆ ಯಾರು ಹೇಳಿಕೊಟ್ಟರು? ಅದರ ತಾಯಿ ಮೊಟ್ಟೆಯಿಟ್ಟು ಸತ್ತಿತ್ತು. ಅದಕ್ಕೆ ಪುಸ್ತಕವಿಲ್ಲ, ಲೀಡರ್ ಇಲ್ಲ, ಅಂಕವಿಲ್ಲ. ನಾವು ತಂದುಕೊಟ್ಟಿದ್ದು ಸೈಕಲ್ ಶೆಡ್ಡಿನ ಹಿಂದಿನ ಎಲೆ. ಆ ಎಲೆ ಇದಾಗಿತ್ತು.

"ನಾವು ದಿನಾ ಕ್ಲಾಸಲ್ಲಿ ಮಾಡೋ ಕಣ್ಣಿನ ವ್ಯಾಯಾಮ ಮಾಡ್ತಿದೆ" ಎಂದ ಲುವೊ ಕಾಯ್. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

"ಅದಕ್ಕೆ ಸುಸ್ತಾಗಲ್ವಾ?" ಎಂದು ಯಾರೋ ಕೇಳಿದರು.

"ನಿಲ್ಲಿಸೋದೇ ಇಲ್ಲ" ಎಂದಳು ಗೆಂಗ್ ಚಿಯು. "ರಾತ್ರಿಯಿಂದ ಹೀಗೇ. ಮುಗಿಯೋವರೆಗೂ ಅಲುಗಿಸ್ಬಾರದು. ನಡುವೆ ಕಿತ್ತರೆ ಮತ್ತೆ ಕಟ್ಟೋಷ್ಟು ನೂಲು ಅದರ ಹೊಟ್ಟೇಲಿ ಇರಲ್ವಂತೆ."

"ಹಾಗಾದ್ರೆ ಬೆಳಿಗ್ಗೆ ಹೇಗೆ ತಂದೆ?" ಎಂದಳು ಷಿ ಲಾನ್. ಅವಳ ದನಿ ನನಗೆ ಗುರುತೇ ಸಿಗಲಿಲ್ಲ.

"ಎರಡೂ ಕೈಲಿ ಹಿಡ್ಕೊಂಡು ನಡೆದೆ. ಬಸ್ ಹತ್ತಲಿಲ್ಲ."

ಷಿ ಲಾನ್ ಗೆಂಗ್ ಚಿಯುವಿನ ಮುಖವನ್ನು ನೋಡಿದಳು. ಮೂರು ವರ್ಷ ಒಂದೇ ತರಗತಿಯಲ್ಲಿದ್ದವರು, ಅಂದೇ ಮೊದಲು ಕಂಡ ಹಾಗೆ. ಆಮೇಲೆ ಮತ್ತೆ ಡಬ್ಬದ ಮೇಲೆ ಬಗ್ಗಿದಳು. ನಾವೆಲ್ಲ ಬಗ್ಗಿದೆವು. ಉಸಿರು ತಾಗಿ ಎಳೆ ನಡುಗಿತೆಂದು ಒಬ್ಬೊಬ್ಬರೂ ಅಂಗೈಯಿಂದ ಬಾಯಿ ಮುಚ್ಚಿಕೊಂಡೆವು. ಯಾವ ಟೀಚರಿಗೂ ಸಿಗದಿದ್ದ ಮೌನ ಅದು.

ಹಾಗಾಗಿ ಬಾಗಿಲು ತೆರೆದದ್ದು ನಮಗೆ ಗೊತ್ತಾಗಲಿಲ್ಲ.

"ಇದೇನಿದು?"

ನಾವು ಬೆಂಚುಗಳಿಗೆ ಓಡಲಿಲ್ಲ. ಯಾಕೆ ಓಡಲಿಲ್ಲವೋ ಇಂದಿಗೂ ಗೊತ್ತಿಲ್ಲ. ಪಾಂಗ್ ಟೀಚರ್ ನಮ್ಮನ್ನು ಸರಿಸಿಕೊಂಡು ಬಂದು ಡಬ್ಬದೊಳಗೆ ನೋಡಿದರು. ಅವರ ಬಾಯಿ ಸ್ವಲ್ಪ ತೆರೆಯಿತು. ಅವರೂ ಎಂದೋ ಮೂರನೇ ತರಗತಿಯಲ್ಲಿ ಇದ್ದವರೇ. ಒಂದು ಗಳಿಗೆ ಅವರ ತಲೆ ಕೂಡ ಈ ಕಡೆ ಆ ಕಡೆ ಆಡಿತು, ಹುಳುವಿನ ಜೊತೆ.

ಅಷ್ಟರಲ್ಲಿ ಕೆಳಗಿನ ಮಹಡಿಯಿಂದ ಹೆಡ್‌ಮೇಷ್ಟ್ರ ಕೆಮ್ಮು ಕೇಳಿತು. ತಪಾಸಣೆಗೆ ಮುಂಚೆ ಒಂದು ಸುತ್ತು ಹಾಕಲು ಹೊರಟಿದ್ದರು. ಪಾಂಗ್ ಟೀಚರ್ ಮುಖ ಮತ್ತೆ ಗಂಟಿಕ್ಕಿತು.

"ನಿನ್ನೆ ತಾನೇ ಹೇಳಿದ್ನಲ್ಲ! ನಿಮ್ಮ ಮನೆಯವ್ರೆಲ್ಲ ತಿಳಿಯಿತು ತಿಳಿಯಿತು ಅಂತ ಹಾಕಿದ್ರಲ್ಲ! ಯಾರದು ಇದು?"

ಗೆಂಗ್ ಚಿಯು ಏಳಲು ಹೊರಟಳು. ಷಿ ಲಾನ್ ಅವಳ ಭುಜದ ಮೇಲೆ ಕೈಯಿಟ್ಟು ಒತ್ತಿದಳು. ಅವಳು ಕೂತಳು.

"ಷಿ ಲಾನ್, ನೀನು ಲೀಡರ್. ತಂದವರ ಹೆಸರು ಬೋರ್ಡಿನ ಮೇಲೆ ಬರಿ. ಆಮೇಲೆ ಈ ಡಬ್ಬ ತಗೊಂಡ್ಹೋಗಿ ಹಿಂದಿನ ತೊಟ್ಟಿಗೆ ಹಾಕಿ ಬಾ. ಬೇಗ."

ಷಿ ಲಾನ್ ಸೀಮೆಸುಣ್ಣವನ್ನು ನೋಡಿಕೊಂಡಳು. ಬೆವರಿಗೆ ಅದು ಅಂಗೈಯಲ್ಲೇ ಪುಡಿಯಾಗಿತ್ತು. ಮೆಟ್ಟಿಲಲ್ಲಿ ಹೆಜ್ಜೆ ಸದ್ದು ಹತ್ತಿರವಾಗುತ್ತಿತ್ತು.

"ಕೇಳಿಸ್ಲಿಲ್ವಾ? ಮಕ್ಕಳ ದಿನಕ್ಕೆ ಎಷ್ಟು ದಿನ ಇದೆ ನೆನಪಿದೆ ತಾನೇ? ನಿಮ್ಮಮ್ಮನಿಗೆ ನಾನೇನು ಹೇಳ್ಲಿ?"

"ಬರಿಯಲ್ಲ ಟೀಚರ್" ಎಂದಳು ಷಿ ಲಾನ್. ಅವಳ ಇನ್ನೊಂದು ಕೈ ಗೆಂಗ್ ಚಿಯುವಿನ ಭುಜದ ಮೇಲೇ ಇತ್ತು. "ತಗೊಂಡೂ ಹೋಗಲ್ಲ. ಅದು ಇನ್ನೂ ಕಟ್ಟಿ ಮುಗಿಸಿಲ್ಲ."