ಬಲ್ಬು ಉರಿಯುತ್ತಿತ್ತು, ಫ್ಯಾನು ನಿಂತಿತ್ತು

ಕರೆಂಟು ಹೋಗುವುದು ಯಾರಿಗೂ ಹೊಸದಲ್ಲ. ನಾನು ಬಟ್ಟೆ ಹೊಲಿಯುವವಳು. ಕರೆಂಟು ಹೋದರೆ ನನ್ನ ಮಿಷನ್ ನಿಲ್ಲುತ್ತದೆ, ಗಿರಾಕಿಗಳ ಹತ್ತಿರ ನಾಲ್ಕು ಮಾತು ಕೇಳುತ್ತೇನೆ, ಅಲ್ಲಿಗೆ ಮುಗಿಯಿತು. ಯಾರ ಜೀವವೂ ಹೋಗುವುದಿಲ್ಲ. ಆದರೆ ನನ್ನ ಅಂಗಡಿಯ ಎದುರಿಗೆ ಒಂದು ಕೋಳಿ ಶೆಡ್ಡು ಇದೆ. ಅಲ್ಲಿ ಕರೆಂಟು ಎಂದರೆ ಉಸಿರು. ಇದು ನನಗೆ ತಿಳಿದದ್ದು ಆ ಶೆಡ್ಡಿನ ಪರದೆ ಹೊಲಿದುಕೊಡಲು ಹೋದಾಗ.

ಉದ್ದನೆಯ ಶೆಡ್ಡು. ಎರಡೂ ಬದಿಗೆ ಮೊಣಕಾಲೆತ್ತರದ ಗೋಡೆ, ಗೋಡೆಯ ಮೇಲೆ ಜಾಲರಿ, ಜಾಲರಿಯ ಮೇಲೆ ದಪ್ಪ ಪರದೆ. ಒಂದು ತುದಿಯಲ್ಲಿ ನೀರು ಇಳಿಯುವ ರಟ್ಟಿನ ಗೋಡೆ, ಇನ್ನೊಂದು ತುದಿಯಲ್ಲಿ ಆಳೆತ್ತರದ ಫ್ಯಾನುಗಳು. ಫ್ಯಾನುಗಳು ಒಳಗಿನ ಬಿಸಿಗಾಳಿಯನ್ನು ಹೊರಗೆ ಎಳೆದು ಹಾಕುತ್ತವೆ, ಆ ಒದ್ದೆ ಗೋಡೆಯ ಮೂಲಕ ತಂಪುಗಾಳಿ ಒಳಗೆ ನುಗ್ಗುತ್ತದೆ. ಮೊದಲ ಸಲ ಒಳಗೆ ಕಾಲಿಟ್ಟಾಗ ನನ್ನ ಕೊರಳಲ್ಲಿದ್ದ ಅಳತೆಪಟ್ಟಿ ಎದ್ದು ಫ್ಯಾನುಗಳ ಕಡೆ ಹೊರಟೇಬಿಟ್ಟಿತು. ಅದನ್ನು ಹಿಡಿದುಕೊಂಡು ನಿಂತೆ. ಕಣ್ಣು ಹಾಯುವಷ್ಟು ದೂರ ಬಿಳಿ ಬೆನ್ನುಗಳು. ಸಾವಿರಾರು ಜೀವ, ಎಲ್ಲವಕ್ಕೂ ಅದೊಂದೇ ಗಾಳಿ.  

ಈ ಶೆಡ್ಡಿನ ಯಜಮಾನನನ್ನು ಎಲ್ಲರೂ ನೋಡೋಣಣ್ಣ ಎಂದೇ ಕರೆಯುತ್ತಾರೆ. ಯಾರು ಏನೇ ಕೇಳಲಿ, "ನೋಡೋಣ" ಎನ್ನುವುದು ಅವನ ಅಭ್ಯಾಸ. ಮದುವೆಗೆ ಒಪ್ಪಿಗೆಯೇ ಎಂದು ಕೇಳಿದಾಗಲೂ ಹಾಗೇ ಅಂದಿದ್ದನಂತೆ. ಅವನ ಹೆಂಡತಿ, ನಾವೆಲ್ಲ ಅತ್ತಿಗೆ ಎನ್ನುವವಳು, ಅದನ್ನು ಇವತ್ತಿಗೂ ಮರೆತಿಲ್ಲ. ಅಣ್ಣ ಸೋಮಾರಿಯಲ್ಲ, ಕೆಟ್ಟವನೂ ಅಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪೈಕಿ, ಅಷ್ಟೇ.

ಕೋಳಿಗಳನ್ನು ನೋಡಲು ಪಶುವೈದ್ಯೆ ಬರುತ್ತಿದ್ದರು. ಡಾಕ್ಟ್ರಮ್ಮ ಒಂದು ದಿನ ಶೆಡ್ಡೆಲ್ಲ ಸುತ್ತಿ ಬಂದು, ಫ್ಯಾನು ನಿಂತರೆ ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ಅಣ್ಣ ಬಾಗಿಲ ಮೇಲಿನ ಬಲ್ಬು ತೋರಿಸಿದ. ಅದು ಹಗಲೂ ರಾತ್ರಿ ಉರಿಯುತ್ತದೆ, ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ, ಅದು ಆರಿದರೆ ಕರೆಂಟು ಹೋಯಿತೆಂದು ಲೆಕ್ಕ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಬಲ್ಬು ತಪ್ಪಿದ್ರೂ ಇವಳ ಕಿವಿ ತಪ್ಪಲ್ಲ ಡಾಕ್ಟ್ರಮ್ಮ. ಇಂಥ ಕಿವಿ ಮನೇಲಿರೋವಾಗ ಅಲಾರಾಂ ಯಾಕೆ?" ಎಂದ.

ಮಾತು ಸುಳ್ಳಲ್ಲ. ಒಂದು ಫ್ಯಾನಿನ ಬೆಲ್ಟು ಸ್ವಲ್ಪ ಸಡಿಲವಾದರೂ ಅತ್ತಿಗೆ ಊಟದ ಮಧ್ಯೆ ಎದ್ದು ಹೋಗುತ್ತಿದ್ದಳು. ನನ್ನ ಅಂಗಡಿಗೆ ಬಂದು ಕೂತರೂ ಅವಳ ಒಂದು ಕಿವಿ ಶೆಡ್ಡಿನಲ್ಲೇ. ಹೊಸ ಶೆಡ್ಡು ಎದ್ದಾಗಿನಿಂದ ಅವಳು ಒಂದು ಮದುವೆಗೆ ಹೋಗಿದ್ದಿಲ್ಲ, ಒಂದು ಸಾವಿಗೆ ಹೋಗಿದ್ದಿಲ್ಲ. ಮಗಳಿಗೆ ಮಗುವಾಗಿ, ಆ ಮಗು ಬೋರಲು ಬೀಳುವಂತಾಗಿದ್ದರೂ ಅತ್ತಿಗೆ ಅದರ ಮುಖವನ್ನು ನೋಡಿದ್ದು ಫೋನಿನಲ್ಲಿ ಮಾತ್ರ.

ಡಾಕ್ಟ್ರಮ್ಮ, "ಆ ಕಿವಿಗೂ ಒಂದು ದಿನ ರಜೆ ಬೇಡ್ವಾ ಅಣ್ಣ?" ಎಂದು ನಕ್ಕರು. ತನ್ನದೇ ಬ್ಯಾಟರಿ ಇರುವ ಅಲಾರಾಂ ಹಾಕಿಸಿ, ಕರೆಂಟು ಹೋದರೆ ತಾನಾಗಿ ಇಳಿಯುವ ಹಾಗೆ ಪರದೆಗೆ ವ್ಯವಸ್ಥೆ ಮಾಡಿಸಿ ಎಂದು ಹೇಳಿದರು. ಜನರೇಟರ್ ಇದೆಯಲ್ಲ, ಸಾಲದೇ ಎಂದು ಅಣ್ಣ ಕೇಳಿದ. ಜನರೇಟರ್ ಇತ್ತು ನಿಜ. ತಗಡಿನ ಮಾಡಿನ ಕೆಳಗೆ, ಧೂಳು ಕೂರಬಾರದೆಂದು ಗೋಣಿಚೀಲ ಹೊದಿಸಿಕೊಂಡು, ಯಾರೂ ಎಬ್ಬಿಸದೆ ಮಲಗಿತ್ತು. ಅದನ್ನು ವಾರಕ್ಕೊಮ್ಮೆ ಓಡಿಸುತ್ತೀರಾ ಎಂದು ಡಾಕ್ಟ್ರಮ್ಮ ಕೇಳಿದರು.

ಅಣ್ಣ ಏನಂದ ಎಂದು ಹೇಳಬೇಕಾಗಿಲ್ಲ. ನೋಡೋಣ ಎಂದ.

ಅತ್ತಿಗೆ ಕೊನೆಗೂ ಒಂದು ದಿನದ ಮಟ್ಟಿಗೆ ಮಗಳ ಮನೆಗೆ ಹೊರಟಳು. ಬಸ್ಸು ಹತ್ತುವವರೆಗೂ ಗಂಡನಿಗೆ ಹೇಳಿದ್ದನ್ನೇ ಹೇಳಿದಳು. ಆಗಾಗ ಒಳಗೆ ಹೋಗಿ ನೋಡು, ಬಿಸಿಲೇರಿದ ಮೇಲಂತೂ ಅಲ್ಲಿಂದ ಕದಲಬೇಡ. ಬಲ್ಬು ಇದೆಯಲ್ಲ, ನೀನು ಹೋಗಿ ಬಾ ಎಂದು ಅಣ್ಣ ಸಮಾಧಾನ ಮಾಡಿ ಕಳಿಸಿದ.

ಅವತ್ತು ಎಲೆ ಅಲುಗದ ಬಿಸಿಲು. ಊಟದ ಹೊತ್ತು. ನಾನು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದೆ, ಮಿಷನ್ ಚೆನ್ನಾಗಿಯೇ ಓಡುತ್ತಿತ್ತು. ದಾರ ಮುಗಿಯಿತೆಂದು ಕಾಲು ತೆಗೆದೆ. ಏನೋ ಕಡಿಮೆಯಾಗಿದೆ ಅನ್ನಿಸಿತು. ಏನೆಂದು ಹೊಳೆಯಲಿಲ್ಲ. ಮಳೆಯ ಸದ್ದು ನಿಂತ ಮೇಲೇ ಇಷ್ಟು ಹೊತ್ತು ಮಳೆ ಬರುತ್ತಿತ್ತು ಎಂದು ಗೊತ್ತಾಗುತ್ತದಲ್ಲ, ಹಾಗೆ ನಿಧಾನವಾಗಿ ತಿಳಿಯಿತು. ಎದುರಿನ ಫ್ಯಾನುಗಳ ಸದ್ದು ಇರಲಿಲ್ಲ. ತಲೆ ಎತ್ತಿ ನೋಡಿದರೆ ಬಾಗಿಲ ಮೇಲಿನ ಬಲ್ಬು ಉರಿಯುತ್ತಲೇ ಇದೆ.

ಕೂಗುತ್ತಾ ರಸ್ತೆ ದಾಟಿದೆ. ಅಣ್ಣ ಉಣ್ಣುತ್ತಿದ್ದ ಕೈಯಲ್ಲೇ ಹೊರಗೆ ಬಂದ. ಮೊದಲು ಬಲ್ಬು ನೋಡಿದ, ಆಮೇಲೆ ನನ್ನ ಮುಖ ನೋಡಿದ. "ಕರೆಂಟು ಇದೆಯಲ್ಲಮ್ಮ, ಉರೀತಾ ಇದೆ" ಎಂದ. ಮಾತಾಡುತ್ತಾ ನಿಲ್ಲುವ ಹೊತ್ತಲ್ಲವೆಂದು ನಾನೇ ಬಾಗಿಲು ತೆಗೆದೆ.

ಕುದಿಯುವ ಪಾತ್ರೆಯ ಮುಚ್ಚಳ ತೆಗೆದಂತೆ ಮುಖಕ್ಕೆ ಬಿಸಿ ಹೊಡೆಯಿತು. ನನ್ನ ಅಳತೆಪಟ್ಟಿ ಕೊರಳಿನಿಂದ ನೇರ ಕೆಳಕ್ಕೆ ಜೋತುಬಿದ್ದಿತ್ತು. ಸಾವಿರಾರು ಕೋಳಿಗಳು ಕೊಕ್ಕು ತೆರೆದು, ರೆಕ್ಕೆ ಅಗಲಿಸಿ, ಒಂದೂ ಸದ್ದು ಮಾಡದೆ ನಿಂತಿದ್ದವು. ಅಷ್ಟು ಜೀವಗಳಿರುವ ಜಾಗ ಅಷ್ಟು ಮೌನವಾಗಿರುವುದನ್ನು ನಾನು ಹಿಂದೆ ಕಂಡಿರಲಿಲ್ಲ. ನನಗೆ ಭಯವಾಯಿತು.

ಅಣ್ಣ ಜನರೇಟರಿನತ್ತ ಓಡಿದ, ಗೋಣಿಚೀಲ ಎಳೆದು ಬಿಸಾಡಿದ, ಕೀಲಿ ತಿರುಗಿಸಿದ. ಅದು ಕಟ್ ಎಂದು ಒಂದು ಸದ್ದು ಮಾಡಿ ಸುಮ್ಮನಾಯಿತು. ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಅವನು ತಿರುಗಿಸುತ್ತಲೇ ಇದ್ದ. ಅದನ್ನು ಬಿಡು, ಪರದೆ ಇಳಿಸೋಣ ಎಂದು ನಾನು ಅವನ ತೋಳು ಹಿಡಿದು ಎಳೆದೆ. ಆ ಪರದೆಗಳು ಮೇಲಿನಿಂದ ಕೆಳಕ್ಕೆ ಇಳಿಯುವಂಥವು, ಇಳಿದರೆ ಜಾಲರಿ ತೆರೆದುಕೊಳ್ಳುತ್ತದೆ. ಮೇಲಂಚಿನಲ್ಲಿ ಪೈಪು ತೂರಿಸಲು ಜೇಬು ಹೊಲಿದುಕೊಟ್ಟವಳು ನಾನೇ. ಹಗ್ಗ ಬಿಚ್ಚಿದರೆ ಪೈಪಿನ ಭಾರಕ್ಕೆ ತಾನೇ ಇಳಿಯಬೇಕು. ಆದರೆ ಹಿಂದೊಮ್ಮೆ ಗಾಳಿಗೆ ಹಗ್ಗ ಜಾರಿತೆಂದು ಅಣ್ಣ ಗಂಟಿನ ಮೇಲೆ ಗಂಟು ಹಾಕಿ, ಉಳಿದ ತುದಿಯನ್ನು ಕಂಬಕ್ಕೆ ಸುತ್ತಿ, ಅದಕ್ಕೂ ಒಂದು ಗಂಟು ಬಿಗಿದಿದ್ದ. ಆ ಗಂಟು ಉಗುರಿಗೂ ಬಗ್ಗಲಿಲ್ಲ, ಹಲ್ಲಿಗೂ ಬಗ್ಗಲಿಲ್ಲ.

ನನ್ನ ಬಟ್ಟೆಯ ಕತ್ತರಿಯಲ್ಲಿ ಯಾರಾದರೂ ಕಾಗದ ಕತ್ತರಿಸಿದರೂ ನಾನು ಮನೆ ಹಾರಿಹೋಗುವಂತೆ ಕೂಗಾಡುವವಳು. ಅದೇ ಕತ್ತರಿ ತಂದು ಹಗ್ಗಕ್ಕೆ ಹಾಕಿದೆ. ಎಳೆ ಎಳೆಯಾಗಿ ಕೊಯ್ದ ಮೇಲೆ ಹಗ್ಗ ಹರಿಯಿತು. ಒಂದು ಬದಿಯ ಪರದೆ ದಬಕ್ಕನೆ ಬಿತ್ತು. ಇನ್ನೊಂದು ಬದಿಗೆ ಓಡಿದೆವು, ಅದನ್ನೂ ಕೊಯ್ದೆವು. ಎರಡೂ ಕಡೆ ತೆರೆದ ಮೇಲೆ ಗಾಳಿ ಅಡ್ಡವಾಗಿ ಹಾಯತೊಡಗಿತು. ದೊಡ್ಡ ಗಾಳಿಯೇನಲ್ಲ, ಹೊರಗೆ ಎಲೆಯೂ ಅಲುಗುತ್ತಿರಲಿಲ್ಲ ಎಂದೆನಲ್ಲ. ಆದರೂ ಹತ್ತಿರದ ಕೋಳಿಗಳು ಒಂದೊಂದಾಗಿ ಕೊಕ್ಕು ಮುಚ್ಚಿದವು, ಕತ್ತು ತಿರುಗಿಸಿದವು. ಆ ಸಣ್ಣ ಗಾಳಿಗೆ ಅಷ್ಟು ಶಕ್ತಿ ಇದೆಯೆಂದು ನಾನು ಅಂದುಕೊಂಡಿರಲಿಲ್ಲ. ಹೆಚ್ಚಿನವು ಬದುಕಿದವು. ಫ್ಯಾನುಗಳಿದ್ದ ತುದಿಯ ಕೋಳಿಗಳು ಮಾತ್ರ ರಾಶಿ ರಾಶಿ ಸತ್ತು ಬಿದ್ದಿದ್ದವು.

ಡಾಕ್ಟ್ರಮ್ಮ ಬಂದು ಉಳಿದವನ್ನು ನೋಡಿದರು, ಆಗಿದ್ದೇನೆಂದು ತಿಳಿಸಿದರು. ಶೆಡ್ಡಿಗೆ ಬರುವ ಕರೆಂಟಿನ ಮೂರು ಲೈನುಗಳಲ್ಲಿ ಒಂದು ಕಂಬದಲ್ಲೇ ಕಿತ್ತುಹೋಗಿತ್ತು. ಬಲ್ಬಿಗೆ ಒಂದು ಲೈನು ಸಾಕು, ನನ್ನ ಮಿಷನ್ನಿಗೂ ಸಾಕು. ಆ ದೊಡ್ಡ ಫ್ಯಾನುಗಳಿಗೆ ಮೂರೂ ಬೇಕು. ಒಂದು ಇಲ್ಲವಾದ ಕೂಡಲೇ ಮೋಟರು ಸುಡಬಾರದೆಂದು ಪೆಟ್ಟಿಗೆಯೊಳಗಿನ ಸ್ವಿಚ್ಚು ಫ್ಯಾನುಗಳನ್ನು ನಿಲ್ಲಿಸಿಬಿಟ್ಟಿತ್ತು. ಮೋಟರು ಉಳಿಯಿತು, ಕೋಳಿ ಸತ್ತವು. ಬಲ್ಬನ್ನು ನಂಬಿದ್ದು ನಮ್ಮ ತಪ್ಪು. ಬಲ್ಬು ಹೇಳುವುದು ಬಲ್ಬಿನ ಸುದ್ದಿ ಮಾತ್ರ.

ಸುದ್ದಿ ಕೇಳಿ ಅತ್ತಿಗೆ ಸಂಜೆಗೇ ವಾಪಸು ಬಂದಳು. ಬೈಯುತ್ತಾಳೆ ಎಂದು ಅಣ್ಣ ಕಾದಿದ್ದ, ನಾನೂ ಕಾದಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಸತ್ತ ಕೋಳಿಗಳ ಹತ್ತಿರ ಕುಕ್ಕರುಗಾಲಲ್ಲಿ ಕೂತು ಒಂದೇ ಮಾತು ಹೇಳಿದಳು.

"ಆಗ ತಾನೇ ಮಗೂನ ಎತ್ಕೊಂಡಿದ್ದೆ. ಇನ್ನು ನಾನು ಎಲ್ಲಿಗೂ ಹೋಗಲ್ಲ ಬಿಡು."

ಅಣ್ಣನ ಮುಖ ನೋಡಲಾಗಲಿಲ್ಲ. ಕೋಳಿ ಸತ್ತದ್ದಕ್ಕೆ ಅಳದವನು ಈ ಮಾತಿಗೆ ಅತ್ತ. ಎದ್ದು ಡಾಕ್ಟ್ರಮ್ಮನ ಹತ್ತಿರ ಹೋಗಿ, ಆ ಅಲಾರಾಂ ಯಾವಾಗ ಹಾಕಿಸೋಣ ಎಂದು ಕೇಳಿದ.

ಮುಂದಿನ ಬ್ಯಾಚಿನ ಮರಿಗಳು ಬರುವ ಮೊದಲೇ ಎಲ್ಲ ಕೆಲಸ ಮುಗಿಯಿತು. ಪರದೆಯ ಗಂಟುಗಳು ಹೋದವು. ಹಗ್ಗಗಳ ತುದಿ ಈಗ ಒಂದು ಅಯಸ್ಕಾಂತದ ಹಿಡಿತದಲ್ಲಿತ್ತು. ಶೆಡ್ಡಿನ ನಡುವೆ, ಗೋಡೆಗೆ ಮೊಳೆ ಹೊಡೆದಲ್ಲ, ಕೋಳಿಗಳ ತಲೆಯ ಮಟ್ಟಕ್ಕೆ, ಬಿಸಿ ಅಳೆಯುವ ಒಂದು ಸಣ್ಣ ಸಾಧನ ತೂಗುಬಿದ್ದಿತ್ತು. ಬಾಗಿಲ ಹತ್ತಿರ ಅಲಾರಾಂ ಪೆಟ್ಟಿಗೆ, ಅದಕ್ಕೆ ಅದರದೇ ಬ್ಯಾಟರಿ, ಅದು ಕರೆ ಮಾಡಲು ನಮ್ಮೆಲ್ಲರ ಫೋನ್ ನಂಬರು. ಮರಿಗಳು ಬಂದು, ಬೆಳೆದು, ಮೈತುಂಬ ಬಿಳಿ ಪುಕ್ಕ ಮೂಡಿದ ಮೇಲೆ ಡಾಕ್ಟ್ರಮ್ಮ ಬಂದು ಪರೀಕ್ಷೆ ಮಾಡೋಣ ಎಂದರು. ಅಣ್ಣನ ಕೈಗೇ ಮೇನ್ ಸ್ವಿಚ್ಚು ಒಪ್ಪಿಸಿದರು. ಅವನು ಒಳಗಿನ ಕೋಳಿಗಳ ಕಡೆ ತಿರುಗಿ ನೋಡಿದ. ನಿಜವಾಗಿ ಹೋಗುವ ಕರೆಂಟಿಗಿಂತ ನಾವೇ ತೆಗೆಯುವ ಕರೆಂಟು ಒಳ್ಳೆಯದು, ತೆಗೀರಿ ಎಂದು ಅವರು ಧೈರ್ಯ ಹೇಳಿದರು.

ತೆಗೆದ. ಫ್ಯಾನುಗಳು ನಿಧಾನವಾಗಿ ನಿಂತವು. ಸೈರನ್ ಕೂಗಿತು, ಅಣ್ಣನ ಜೇಬಿನಲ್ಲಿ ಫೋನು ಬಡಿದುಕೊಂಡಿತು, ಅದರ ಹಿಂದೆಯೇ ನನ್ನದೂ, ಪಕ್ಕದಲ್ಲಿ ನಿಂತಿದ್ದ ಅತ್ತಿಗೆಯದೂ. ಯಾರೂ ಮುಟ್ಟಲಿಲ್ಲ. ಯಾರೂ ಹೇಳಲಿಲ್ಲ. ಎರಡೂ ಬದಿಯ ಪರದೆಗಳು ಒಟ್ಟಿಗೆ ಸರ್ರನೆ ಇಳಿದವು. ಶೆಡ್ಡಿನ ತುಂಬ ಹಗಲಿನ ಬೆಳಕು ಬಂತು, ಸಾವಿರಾರು ತಲೆಗಳು ಒಂದೇ ಸಲ ಮೇಲೆದ್ದವು.

ನಾವು ಮೂವರೂ ಬೆರಗಾಗಿ ನಿಂತೆವು. ಕರೆಂಟು ಬಂದರೆ ಕೆಲಸ ಮಾಡುವ ಯಂತ್ರಗಳನ್ನು ಜೀವಮಾನವೆಲ್ಲ ನೋಡಿದ್ದೇನೆ. ಕರೆಂಟು ಹೋದದ್ದಕ್ಕೇ ಕೆಲಸ ಮಾಡುವುದನ್ನು ಅವತ್ತೇ ಮೊದಲು ನೋಡಿದ್ದು. ಇದು ಹೇಗೆ ಎಂದು ಅತ್ತಿಗೆ ಕೇಳಿದಳು.

"ಹಿಡ್ಕೊಂಡಿರೋದಕ್ಕೆ ಮಾತ್ರ ಅಯಸ್ಕಾಂತಕ್ಕೆ ಕರೆಂಟು ಬೇಕು" ಎಂದರು ಡಾಕ್ಟ್ರಮ್ಮ. "ಬಿಟ್ಟುಬಿಡೋದಕ್ಕೆ ಏನೂ ಬೇಡ."

ಅಣ್ಣ ಮೇನ್ ಸ್ವಿಚ್ಚು ಹಾಕಿ, ಪರದೆ ಎತ್ತಿದ. ಅವನಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು. ಬಲ್ಬು ಉರಿಯುತ್ತಿದ್ದು, ಫ್ಯಾನು ಮಾತ್ರ ನಿಂತರೆ? ಡಾಕ್ಟ್ರಮ್ಮ ಒಂದು ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ತೂಗುಬಿದ್ದ ಆ ಸಾಧನಕ್ಕೆ ಸುತ್ತುವಂತೆ ಹೇಳಿದರು. ಕರೆಂಟು ಪೂರ್ತಿ ಇತ್ತು, ಬಲ್ಬು ಉರಿಯುತ್ತಿತ್ತು, ಆದರೂ ಸೈರನ್ ಕೂಗಿತು, ಪೆಟ್ಟಿಗೆ ತಾನೇ ಅಯಸ್ಕಾಂತದ ಕರೆಂಟು ತಪ್ಪಿಸಿತು, ಪರದೆ ಇಳಿಯಿತು. ಅದು ಕರೆಂಟನ್ನಷ್ಟೇ ಕಾಯುತ್ತಿರಲಿಲ್ಲ, ಕೋಳಿಗೆ ತಗಲುವ ಬಿಸಿಯನ್ನೂ ಕಾಯುತ್ತಿತ್ತು. ಅಣ್ಣ ಆ ಸಣ್ಣ ಸಾಧನವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

ಜನರೇಟರಿಗೆ ಹೊಸ ಬ್ಯಾಟರಿ ಬಂದಿದೆ. ವಾರಕ್ಕೊಮ್ಮೆ ಅದನ್ನು ಓಡಿಸುತ್ತಾರೆ. ಬರೀ ಗುಡುಗುಡು ಎನ್ನಿಸಿ ನಿಲ್ಲಿಸುವುದಿಲ್ಲ, ಫ್ಯಾನುಗಳ ಭಾರ ಹೊರಿಸಿಯೇ ಓಡಿಸುತ್ತಾರೆ. ಅಲಾರಾಮಿಗೂ ಅದೇ ದಿನ ಪರೀಕ್ಷೆ. ಬೀದಿಯವರಿಗೆ ಆ ಸೈರನ್ ಅಭ್ಯಾಸವಾಗಿಹೋಗಿದೆ. ಬೇರೆ ದಿನ ಅದು ಕೂಗಿದರೆ ಓಡಿ ಬರಬೇಕು ಎಂದು ಎಲ್ಲರಿಗೂ ತಿಳಿದಿದೆ.

ಇಷ್ಟಾದರೂ ಅತ್ತಿಗೆ ಹೊರಡಲು ಒಪ್ಪಲಿಲ್ಲ. ಮಗಳು ಕರೆದು ಕರೆದು ಸೋತಳು. ಕೊನೆಗೆ ಒಂದು ಬೆಳಿಗ್ಗೆ ಅಣ್ಣನೇ ಅವಳ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿದ. ನನ್ನ ಕಣ್ಣಿಗೆ ಆ ಮಡಿಕೆ ಹೇಗೆ ಕಂಡಿತು ಎಂದು ಕೇಳಬೇಡಿ. ಅತ್ತಿಗೆ ಫೋನು ಕೈಯಲ್ಲಿ ಹಿಡಿದು, ಅಲಾರಾಂ ಆದರೆ ನನಗೂ ಕರೆ ಬರುತ್ತದೆ ತಾನೇ ಎಂದು ಕೇಳಿದಳು.

"ನಿನ್ನ ನಂಬರು ತೆಗೆಸಿದ್ದೀನಿ" ಎಂದ ಅಣ್ಣ. "ಓಡಿ ಬರೋಕೆ ಆಗೋರ ನಂಬರು ಮಾತ್ರ ಇರಬೇಕಂತೆ. ನಾನಿದ್ದೀನಿ, ಎದುರಂಗಡಿ ತಂಗಿ ಇದ್ದಾಳೆ. ನೀನು ಅಲ್ಲಿ ಮಗೂನ ಎತ್ಕೊಂಡಿರು."

ಅತ್ತಿಗೆ ಬಸ್ಸು ಹತ್ತಿದಳು. ಬಸ್ಸು ತಿರುವು ದಾಟುವವರೆಗೂ ಶೆಡ್ಡಿನ ಕಡೆಗೇ ನೋಡುತ್ತಿದ್ದಳು. ಒಂದು ದಿನಕ್ಕೆಂದು ಹೋದವಳು ಮಗು ಅಂಬೆಗಾಲಿಡುವುದನ್ನು ನೋಡಿಕೊಂಡೇ ಬಂದಳು.

ಕೋಳಿ, ಹಂದಿ, ಹಸು, ಯಾವುದನ್ನೇ ಆಗಲಿ ಮುಚ್ಚಿದ ಶೆಡ್ಡಿನಲ್ಲಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಇದನ್ನು ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಬಿಸಿಲಿಲ್ಲದ ಹೊತ್ತು ನೋಡಿ, ಸ್ವಿಚ್ಚಿನ ಹತ್ತಿರ ಒಬ್ಬರನ್ನು ನಿಲ್ಲಿಸಿ, ಶೆಡ್ಡಿನ ಕರೆಂಟನ್ನು ನೀವೇ ತೆಗೆಯಿರಿ. ಏನು ಕೂಗುತ್ತದೆ, ಏನು ತೆರೆದುಕೊಳ್ಳುತ್ತದೆ ನೋಡಿ, ಕೂಡಲೇ ಮತ್ತೆ ಹಾಕಿ. ಏನೂ ಕೂಗಲಿಲ್ಲವೇ? ಹಾಗಾದರೆ ನಾಳೆ ಎನ್ನದೆ ನಿಮ್ಮ ಪಶುವೈದ್ಯರನ್ನೂ ಎಲೆಕ್ಟ್ರಿಷಿಯನ್ನನ್ನೂ ಕೂರಿಸಿಕೊಂಡು ಕೇಳಿ. ಉಸಿರು ಕಟ್ಟಿದ ಜೀವಕ್ಕೆ ಕೂಗಲು ಉಸಿರಿರುವುದಿಲ್ಲ. ಅದರ ಪರವಾಗಿ ಕೂಗಲು ಏನಾದರೂ ಇರಲಿ.